ಹಳೇ ಸೀಲಿಂಗ್ ಒಡೆಸೋ ಮುಂಚೆ ಒಂದು ಟೈಲು ಇಳಿಸಿ ನೋಡಿ

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಯಾವುದೋ ಕಂಪನಿ ಆಫೀಸು ಖಾಲಿ ಮಾಡ್ತು ಅಂದ್ರೆ ಮೊದಲು ನೆಲಕ್ಕೆ ಬೀಳೋದು ಫಾಲ್ಸ್ ಸೀಲಿಂಗು. ತಾಮ್ರದ ವೈರು, ಟೈಲು ಕೂರಿಸೋ ಲೋಹದ ಚೌಕಟ್ಟು, ಅಂದ್ರೆ ಗ್ರಿಡ್ಡಿನ ತಗಡು ಗುಜರಿಗೆ ಹೋಗುತ್ತೆ, ಬಿಳಿ ಟೈಲುಗಳು ಟಿಪ್ಪರ್‌ಗೆ. ಅದೇ ಜಾಗಕ್ಕೆ ಬಂದವರು 'ಗ್ರೀನ್' ಸೀಲಿಂಗ್ ಬೇಕು ಅಂತ ಬಾಟಲಿ ಪ್ಲಾಸ್ಟಿಕ್ಕಿನ ಪೆಟ್ ಫೆಲ್ಟ್ ತರಿಸ್ತಾರೆ. ನನ್ನ ತಕರಾರು ಇಲ್ಲೇ. ಮೊದಲು ಮೇಲಿರೋದು ಎಷ್ಟು ಉಳಿಯುತ್ತೆ ಅಂತ ನೋಡಿ.

ಒಂದು ಟೈಲು ಇಳಿಸಿ. ಅಂಚು ನೇರವಾಗಿದೆಯೋ, ಮೆಟ್ಟಿಲಿನ ಥರ ಕೊರೆದಿದೆಯೋ? ಗ್ರಿಡ್ ಪಟ್ಟಿಯ ಅಗಲ 15 ಮಿ.ಮೀ. ಇದೆಯೋ, 24 ಇದೆಯೋ? 15ರ ಗ್ರಿಡ್ಡಿಗೆ ಅಂಚು ಕೊರೆದ ಟೈಲು 24ರಲ್ಲಿ ಕೂರಲ್ಲ. ನಡು ಜೋತಿದ್ದು, ಎಸಿ ನೀರು ತೊಟ್ಟಿಕ್ಕಿ ಬೂಷ್ಟು ಹಿಡಿದಿದ್ದು ಬೇಡ. ಬರೀ ಕಲೆ ತಾನೇ ಅಂತ ಎಮಲ್ಷನ್ ಬಳಿದ್ರೆ ರಂಧ್ರ ಮುಚ್ಚಿಹೋಗುತ್ತೆ, ಸದ್ದು ಹೀರೋ ಕೆಲಸ ಅಲ್ಲಿಗೆ ಮುಗೀತು.

ಇನ್ನು ಲೆಕ್ಕ. 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಮೀಟಿಂಗ್ ರೂಮು ಅಂದ್ರೆ 90 ಘನ ಮೀಟರ್. ಸದ್ದು 60 ಡೆಸಿಬೆಲ್ ಇಳಿಯೋಕೆ 0.6 ಸೆಕೆಂಡ್ ಸಾಕು ಅನ್ನೋದಾದ್ರೆ, ಕೋಣೆಯ ಗುಂಯ್‌ಗುಡುವಿಕೆ ಲೆಕ್ಕ ಹಾಕೋ ಸಬೀನ್ ಸೂತ್ರದಲ್ಲಿ 0.161×90÷0.6, ಹತ್ತಿರ ಹತ್ತಿರ 24 ಚದರ ಮೀಟರಿನಷ್ಟು ಹೀರಿಕೆ ಬೇಕು. ಸೀಲಿಂಗ್ ಇರೋದು 30 ಚದರ ಮೀಟರ್. ಎನ್‌ಆರ್‌ಸಿ (ಬಿದ್ದ ಸದ್ದಿನಲ್ಲಿ ಎಷ್ಟು ಪಾಲು ಹೀರುತ್ತೆ ಅನ್ನೋ ಅಂಕಿ) 0.8ರ ಹೊಸ ಟೈಲು ಹಾಕಿದ್ರೆ 30×0.8, ಅಂದ್ರೆ 24, ಅದೊಂದೇ ಸಾಕು. ಹಳೇದು 0.55 ಆದ್ರೆ 16.5 ಸಿಗುತ್ತೆ. ಉಳಿದ ಏಳೂವರೆಗೆ ಕಾರ್ಪೆಟ್ಟು, ಬಟ್ಟೆ ಕುರ್ಚಿ, ಗೋಡೆಗೆ ಒಂದಿಷ್ಟು ಪೆಟ್ ಫೆಲ್ಟು. ಫೆಲ್ಟನ್ನ ಸೀದಾ ಗೋಡೆಗೆ ಅಂಟಿಸಬೇಡಿ, ಹಿಂದೆ 50 ಮಿ.ಮೀ. ಖಾಲಿ ಬಿಡಿ. ಇಲ್ಲಾಂದ್ರೆ ಕೀರಲು ಸದ್ದು ಮಾತ್ರ ಅಡಗುತ್ತೆ, ಗಂಡಸರ ದನಿ ಹಾಗೇ ಗುಂಯ್‌ಗುಡುತ್ತೆ. ಪೆಟ್ ಬೆಂಕಿಗೆ ಕರಗೋ ವಸ್ತು, ಅದಕ್ಕೇ ಫೈರ್ ಸರ್ಟಿಫಿಕೇಟಿನಲ್ಲಿ 'ಡಿ0' ಇದೆಯಾ ನೋಡಿ: ಉರಿಯೋ ಹನಿ ಉದುರಲ್ಲ ಅಂತ ಅದರರ್ಥ. ಪಕ್ಕದ ಕ್ಯಾಬಿನ್ನಿನ ಮಾತು ಪಾರ್ಟಿಷನ್ ಮೇಲಿಂದ ದಾಟಿ ಬರ್ತಿದ್ರೆ ಎನ್‌ಆರ್‌ಸಿ ಅಲ್ಲ, ಸಿಎಸಿ ಕೇಳಬೇಕು. ಅದು ಬೇರೆಯೇ ಸಂಖ್ಯೆ, ಸೀಲಿಂಗ್ ಮೂಲಕ ಪಕ್ಕದ ರೂಮಿಗೆ ದಾಟೋ ಸದ್ದನ್ನ ಎಷ್ಟು ತಡೆಯುತ್ತೆ ಅಂತ ಹೇಳೋದು.

ಇಳಿಸುವಾಗ ಮಾಸ್ಕು, ಶುಭ್ರವಾದ ಗ್ಲೌಸು. ಟೈಲನ್ನ ಮೇಲಕ್ಕೆತ್ತಿ, ಓರೆ ಮಾಡಿ ಈಚೆ ತೆಗೀಬೇಕು. ಕೆಳಕ್ಕೆ ಎಳೆದ್ರೆ ಅಂಚು ಪುಡಿ. ಮುಖಕ್ಕೆ ಮುಖ ಸೇರಿಸಿ, ಮಲಗಿಸಿಯೇ ಜೋಡಿಸಿ. ಮಳೆಗಾಲದಲ್ಲಿ ಬೇಸ್‌ಮೆಂಟಿನಲ್ಲಿ ಇಟ್ರೆ ಬಾಗಿಹೋಗಬಹುದು. ಗೋಡೆ ಬದಿಯ ಕತ್ತರಿಸಿದ ತುಂಡುಗಳು ಬೇರೆ ಕಡೆ ಕೂರಲ್ಲ, ಎಣಿಕೆಗೆ ಸೇರಿಸಬೇಡಿ.

ಜಿಪ್ಸಂ ಬೋರ್ಡ್ ಬೇರೆ ಜಾತಿ. ಸ್ಕ್ರೂ ಹೊಡೆದು ಪುಟ್ಟಿ ಮೆತ್ತಿದ್ದು ಇಡಿಯಾಗಿ ಬರಲ್ಲ. ಆದ್ರೂ ಅದನ್ನ ಕಸದ ಜೊತೆ ಕಲೆಸಬಾರದು. ಗಾಳಿಯಾಡದ ಒದ್ದೆ ಗುಂಡಿಯಲ್ಲಿ ಕೊಳೆತ ಮೊಟ್ಟೆ ನಾರುವ ಹೈಡ್ರೋಜನ್ ಸಲ್ಫೈಡ್ ಆಗುತ್ತೆ. ನಮ್ಮ ಡೆಬ್ರಿ ಕೆರೆಯಂಚಿಗೆ ಬೀಳೋ ಊರಲ್ಲಿ ಇದು ಸಣ್ಣ ವಿಷಯ ಅಲ್ಲ.

ಅಮೆರಿಕದಲ್ಲಿ ಸೀಲಿಂಗ್ ಟೈಲು ಮಾಡೋ ಆರ್ಮ್‌ಸ್ಟ್ರಾಂಗ್ 1999ರಲ್ಲೇ ಹಳೇ ಟೈಲು ವಾಪಸ್ ತಗೊಂಡು ಹೊಸದಕ್ಕೆ ಬಳಸೋ ಏರ್ಪಾಡು ಶುರು ಮಾಡಿತ್ತು. ಇಲ್ಲಿ ಆರ್ಡರ್ ಕೊಡೋವಾಗ್ಲೇ ಸಪ್ಲೈಯರ್‌ಗೆ ಕೇಳಿ: ಮುಂದೆ ವಾಪಸ್ ತಗೋತೀರಾ?

ಮುಖ್ಯವಾಗಿ ಬಿಒಕ್ಯೂ, ಅಂದ್ರೆ ಕಂಟ್ರಾಕ್ಟಿನ ಕೆಲಸ, ಅಳತೆ, ರೇಟಿನ ಪಟ್ಟಿ ತಿದ್ದಿ. 'ಡಿಸ್ಮ್ಯಾಂಟ್ಲಿಂಗ್ ಆಂಡ್ ಡಿಸ್ಪೋಸಲ್' ಅಂತ ಒಂದೇ ಸಾಲು, ಒಂದೇ ಮೊತ್ತ ಬರೆದ್ರೆ ಲೇಬರ್‌ನವರು ಕೋಲಿನಿಂದ ತಿವಿದು ಒಂದೇ ರಾತ್ರಿಗೆ ಬೀಳಿಸ್ತಾರೆ, ಅವರ ತಪ್ಪೇನಿಲ್ಲ. ಅಂಚು ಮುರಿಯದೆ ಇಳಿಸಿ ಜೋಡಿಸಿದ ಟೈಲಿಗೆ ಇಂತಿಷ್ಟು ಅಂತ ರೇಟು ಹಾಕಿ.