ಹಂಡೆ ಒಲೆ ಮತ್ತು ಬಾಯ್ಲರ್

ಇಂಗ್ಲೆಂಡಿನಲ್ಲಿರುವ ಕನ್ನಡದ ಗೆಳೆಯರು ಮತ್ತೆ ಕೇಳಲು ಶುರು ಮಾಡಿದ್ದಾರೆ: ಗ್ಯಾಸ್, ಕರೆಂಟಿನ ದರ ಏರುತ್ತಿದೆ, ನಿಗದಿತ ದರದ ಒಪ್ಪಂದ ಮಾಡಿಕೊಳ್ಳಲೇ? ನನ್ನನ್ನೇ ಕೇಳಲು ಕಾರಣ, 2021ರ ಆಗಸ್ಟ್‌ನಲ್ಲಿ ನಾನು ಎರಡು ವರ್ಷ ಯೂನಿಟ್ ದರ ಬದಲಾಗದಂತೆ ಒಪ್ಪಂದ ಮಾಡಿಕೊಂಡಿದ್ದೆ. ಎಂಥ ಮುಂದಾಲೋಚನೆ ಎಂದು ಈಗಲೂ ಹೊಗಳುತ್ತಾರೆ. ನಡೆದದ್ದು ಇಷ್ಟೇ: ಹಳೆಯ ಒಪ್ಪಂದ ಮುಗಿದಿತ್ತು, ಮಗಳು ಮಡಿಲಲ್ಲಿ ನಿದ್ದೆಹೋಗಿದ್ದಳು, ಏಳಲಾಗದೆ ಮೊಬೈಲಿನಲ್ಲಿ ಕಂಡ ಮೊದಲ ಗುಂಡಿ ಒತ್ತಿದೆ.

ಆಮೇಲೆ ಸಗಟು ಬೆಲೆ ಏರಿ ಸಣ್ಣ ಕಂಪನಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ನಮ್ಮದು ಹೇಗೋ ಉಳಿಯಿತು; ಮುಳುಗಿದ್ದರೆ ನನ್ನ ಅಗ್ಗದ ದರವೂ ಜೊತೆಗೇ ಮುಳುಗುತ್ತಿತ್ತು. ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ಗರಿಷ್ಠ ದರ, ಸಾಧಾರಣ ಮನೆಯೊಂದರ ವಾರ್ಷಿಕ ಲೆಕ್ಕದಲ್ಲಿ, 2021ರ ಅಕ್ಟೋಬರಿನಲ್ಲಿ 1,277 ಪೌಂಡ್ ಇದ್ದದ್ದು 2022ರ ಏಪ್ರಿಲ್‌ನಲ್ಲಿ 1,971 ಆಯಿತು. ಅಕ್ಟೋಬರಿಗೆ 3,549 ಎಂದು ಪ್ರಕಟವಾದಾಗ ಸರ್ಕಾರವೇ ನಡುವೆ ಬಂದು 2,500ಕ್ಕೆ ತಡೆಯಿತು. ನಮ್ಮವರೊಬ್ಬರು ಇದನ್ನು ಓದಿ, ಎಷ್ಟು ಉರಿಸಿದರೂ 2,500 ದಾಟುವುದಿಲ್ಲವೆಂದು ನಂಬಿ ಹಗಲೂ ರಾತ್ರಿ ಹೀಟರ್ ಹಾಕಿಟ್ಟಿದ್ದರು. ತಡೆ ಇದ್ದದ್ದು ಯೂನಿಟ್ಟಿನ ದರಕ್ಕೆ.

ನಗಬೇಡಿ. ನಾನೂ ಅದನ್ನೇ ಮಾಡಿದ್ದೆ. ದರ ನಿಗದಿಯಾಗಿದೆಯಲ್ಲ ಎಂಬ ಧೈರ್ಯದಲ್ಲಿ ಮೊದಲ ಚಳಿಗಾಲವಿಡೀ ಯಾರೂ ಮಲಗದ ಕೋಣೆಗೂ ಶಾಖ ಕೊಟ್ಟೆ. ಜನವರಿಯಲ್ಲಿ ಕಂಪನಿ ನನ್ನ ಖಾತೆಯಿಂದ ಪ್ರತಿ ತಿಂಗಳು ಎಳೆಯುವ ಹಣವನ್ನು 92ರಿಂದ 160 ಪೌಂಡಿಗೆ ಏರಿಸಿತು. ನಿಗದಿತ ದರವಲ್ಲವೇ ಎಂದು ಜಗಳಕ್ಕೆ ಹೋದೆ. ದರ ಅದೇ ಇದೆ, ಬಳಕೆ ಹೆಚ್ಚಾಗಿದೆ ಎಂದರು. ಎಷ್ಟು ಹೆಚ್ಚಾಗಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಅಂದಾಜಿನ ಮೇಲೆ ಬಿಲ್ ಹಾಕಿದ್ದರು.

ಅವತ್ತು ಮೆಟ್ಟಿಲ ಕೆಳಗಿನ ಗೂಡಿಗೆ ನುಸುಳಿ, ಹಳೆಯ ಶೂಗಳನ್ನು ಸರಿಸಿ, ಮೊಬೈಲಿನ ಬೆಳಕಿನಲ್ಲಿ ಗ್ಯಾಸ್ ಮೀಟರ್ ಓದಿದೆ. ಅದು ತೋರಿಸುವುದು ಘನ ಮೀಟರ್. ಒಂದು ಘನ ಮೀಟರ್ ಎಂದರೆ ಬಿಲ್ಲಿನ ಲೆಕ್ಕದಲ್ಲಿ ಸುಮಾರು 11 ಯೂನಿಟ್ (ಕಿಲೋವಾಟ್ ಅವರ್). ನಿಜವಾದ ಅಂಕಿ ಕಳಿಸಿದ ಮೇಲೆ 160 ಇಳಿದು 118 ಆಯಿತು. ಅಂದಿನಿಂದ ಪ್ರತಿ ಭಾನುವಾರ ದೋಸೆಗೆ ಹಂಚು ಕಾಯುವಷ್ಟರಲ್ಲಿ ಮೀಟರ್ ಓದಿ ಬರೆದಿಡುತ್ತೇನೆ.

ಮುಂದಿನ ಕೆಲಸ, ಗ್ಯಾಸಿನಿಂದ ನೀರು ಕಾಯಿಸಿ ಮನೆ ಬೆಚ್ಚಗಿಡುವ ಬಾಯ್ಲರಿನದು. ರೇಡಿಯೇಟರಿಗೆ ಹೋಗುವ ನೀರು 75 ಡಿಗ್ರಿಯಲ್ಲಿತ್ತು, 55ಕ್ಕೆ ಇಳಿಸಿದೆ. ಮನೆ ನಿಧಾನವಾಗಿ ಬೆಚ್ಚಗಾಗುತ್ತದೆ, ಆದರೆ ತಿರುಗಿ ಬರುವ ನೀರು ತಣ್ಣಗಿರುವುದರಿಂದ ಹೊಗೆಯಲ್ಲಿನ ಆವಿ ಒಳಗೇ ನೀರಾಗಿ, ಅದರ ಶಾಖವೂ ನಮಗೇ ಸಿಗುತ್ತದೆ. ಇದನ್ನು ಊರಿಗೆ ಫೋನ್ ಮಾಡಿ ಅಮ್ಮನಿಗೆ ದೊಡ್ಡ ಶೋಧದಂತೆ ವಿವರಿಸಿದೆ. "ಹಂಡೆ ಒಲೆಗೆ ಸೌದೆ ತುರುಕಿದರೆ ಶಾಖವೆಲ್ಲ ಹೊಗೆಗೂಡಿಗೆ ಹೋಗುತ್ತದೆ ಎಂದು ಚಿಕ್ಕವನಿದ್ದಾಗಿನಿಂದ ಬೈದಿದ್ದೇನೆ. ಅಲ್ಲಿಗೆ ಹೋಗಿ ಕಲಿಯಬೇಕಾಯಿತೇನೋ?" ಎಂದಳು. ನನ್ನ ಒಪ್ಪಂದ ಮುಗಿದ 2023ರಲ್ಲೇ ಅವಳಿಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರತೊಡಗಿತು. ಅದನ್ನು ಹೇಳಲೆಂದೇ ಇನ್ನೊಮ್ಮೆ ಫೋನ್ ಮಾಡಿದ್ದಳು.

ಕೇಳಿದವರಿಗೆ ನನ್ನ ಅಭಿಪ್ರಾಯ: ತಿಂಗಳಿಗೆ 40 ಪೌಂಡ್ ದಿಢೀರನೆ ಹೆಚ್ಚಾದರೆ ಮನೆ ಲೆಕ್ಕ ತಪ್ಪುವವರು ನಿಗದಿತ ದರದ ಒಪ್ಪಂದ ಮಾಡಿಕೊಳ್ಳಿ. ನಾಳೆ ಬೆಲೆ ಇಳಿದು ಕೈಯಿಂದ ಸ್ವಲ್ಪ ಹೋದರೂ ಅದು ನೆಮ್ಮದಿಗೆ ಕೊಟ್ಟ ಬಾಡಿಗೆ. ಉಳಿದವರು ಯೂನಿಟ್ ದರದ ಜೊತೆಗೆ ದಿನದ ಸ್ಥಿರ ಶುಲ್ಕವನ್ನೂ, ಒಪ್ಪಂದವನ್ನು ನಡುವೆ ಬಿಟ್ಟರೆ ಬೀಳುವ ದಂಡವನ್ನೂ ನೋಡಿ. ಒಪ್ಪಂದದ ಕೊನೆಯ 49 ದಿನಗಳಲ್ಲಿ ಆ ದಂಡ ಹಾಕುವಂತಿಲ್ಲ, ಬಹಳ ಮಂದಿ ಇದನ್ನು ಮರೆಯುತ್ತಾರೆ.

ಬಿಲ್ಲಿನ ಫೋಟೋ ಕಳಿಸುವವರು ಅದಕ್ಕೆ ಮೊದಲು ಮೀಟರ್ ಅಂಕಿಯ ಪಕ್ಕ 'ಅಂದಾಜು' ಎಂದು ಬರೆದಿದೆಯೇ ನೋಡಿ. ಬರೆದಿದ್ದರೆ ಟಾರ್ಚ್ ಹಿಡಿದು ಮೆಟ್ಟಿಲ ಕೆಳಗೆ ಹೋಗಿ ಬನ್ನಿ, ಆಮೇಲೆ ಮಾತನಾಡೋಣ.