ಹೆಸರಿನ ಅರ್ಥ ಕೇಳುವ ಮುಂಚೆ

ಮಗುವಿಗೆ ಹೆಸರು ಹುಡುಕುವವರೆಲ್ಲ ಮೊದಲು ಕೇಳುವುದು, "ಇದರ ಅರ್ಥ ಏನು?" ಅಂತ. ಕೂಡಲೇ ಫೋನ್ ತೆಗೆದು ಹುಡುಕುತ್ತಾರೆ. ಅಲ್ಲಿ ಸಿಗುವ ಪಟ್ಟಿಗಳಲ್ಲಿ ಎಲ್ಲ ಹೆಸರಿಗೂ ಒಳ್ಳೊಳ್ಳೆಯ ಅರ್ಥವೇ. ಧೀರ, ಬೆಳಕು, ದೇವರ ವರ, ಚೆಲುವೆ. ಅದೇ ಹೆಸರನ್ನು ಇನ್ನೊಂದು ಪಟ್ಟಿಯಲ್ಲಿ ನೋಡಿದರೆ ಅರ್ಥವೇ ಬೇರೆ. ಯಾವ ಭಾಷೆಯ ಪದ, ಯಾವ ಕಾಲದ್ದು ಎಂಬ ಸುಳಿವೂ ಇರುವುದಿಲ್ಲ.

ನನಗೆ ಹೆಸರುಗಳ ಹುಚ್ಚು ಹತ್ತಿ ತುಂಬಾ ಕಾಲವಾಯಿತು. ಓದುತ್ತಾ ಹೋದಂತೆ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿದೆ. ಅರ್ಥ ಕೇಳುವ ಮುಂಚೆ ಆ ಹೆಸರು ಇಟ್ಟವರು ಯಾರು, ಯಾಕೆ ಇಟ್ಟರು ಅಂತ ಕೇಳಬೇಕು. ನಡುವೆ ಯಾರಾದರೂ ಅದನ್ನು ಬದಲಿಸಿದ್ದರೆ ಅದನ್ನೂ ಕೇಳಬೇಕು. ಹೆಸರಿನ ಕತೆಯೆಲ್ಲ ಅಲ್ಲೇ ಇರುತ್ತದೆ.

ಮಂಗೋಲಿಯಾದಲ್ಲಿ 'ನೆರ್ಗುಯಿ' ಎಂಬ ಹೆಸರಿದೆ. ಹಾಗೆಂದರೆ 'ಹೆಸರಿಲ್ಲ'. 'ಎನೆಬಿಶ್' ಎಂದರೆ 'ಇದಲ್ಲ'. 'ಹುನ್‌ಬಿಶ್' ಎಂದರೆ 'ಮನುಷ್ಯನಲ್ಲ'. ಸುಮ್ನೆ ಅರ್ಥ ನೋಡಿದವರಿಗೆ ಇದೇನಪ್ಪಾ, ಹೆತ್ತವರಿಗೆ ಮಗುವಿನ ಮೇಲೆ ಪ್ರೀತಿ ಇರಲಿಲ್ಲವಾ ಅನ್ನಿಸಬಹುದು. ಇರುವುದು ನೇರ ಉಲ್ಟಾ. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ಸತ್ತ ಮನೆಯಲ್ಲಿ ಇಂಥ ಹೆಸರು ಇಡುತ್ತಿದ್ದರು. ಕೆಟ್ಟ ಶಕ್ತಿ ಮಗುವನ್ನು ಹುಡುಕಿಕೊಂಡು ಬಂದರೆ ಅದಕ್ಕೆ ದಾರಿ ತಪ್ಪಬೇಕು. ಇಲ್ಲಿ ಮಗುವೇ ಇಲ್ಲ, ಇದು ಆ ಮಗುವಲ್ಲ ಅಂತ ಅದು ವಾಪಸ್ ಹೋಗಬೇಕು.

ಪಶ್ಚಿಮ ಆಫ್ರಿಕಾದ ಯೊರುಬಾ ಜನರಲ್ಲಿ ಇದೇ ಸಂಕಟ ಬೇರೆ ರೀತಿಯಲ್ಲಿ ಹೆಸರಾಗಿದೆ. ಅವರು ಮಗುವಿನ ಹತ್ತಿರ ನೇರವಾಗಿ ಬೇಡಿಕೊಳ್ಳುತ್ತಾರೆ. 'ಮಾಲೊಮೊ' ಎಂದರೆ ಇನ್ನು ಹೋಗಬೇಡ. 'ಡುರೊಜಾಯೆ' ಎಂದರೆ ನಿಲ್ಲು, ಬದುಕನ್ನು ಅನುಭವಿಸು. 'ಕೊಕುಮೊ' ಎಂದರೆ ಇನ್ನು ಸಾಯುವುದಿಲ್ಲ. ಊಟಕ್ಕೆ ಕರೆಯುವಾಗ, ಬೈಯುವಾಗ, ಮುದ್ದು ಮಾಡುವಾಗ ದಿನಕ್ಕೆ ಹತ್ತಾರು ಸಲ ಆ ತಾಯಿ "ಹೋಗಬೇಡ" ಅಂತ ಕೂಗುತ್ತಿದ್ದಳು. ಇದನ್ನು ಯಾವ 'ಸುಂದರ ಹೆಸರುಗಳ' ಪಟ್ಟಿಗೆ ಸೇರಿಸುತ್ತೀರಿ?

ಘಾನಾದ ಅಕಾನ್ ಜನರದ್ದು ಇನ್ನೊಂದು ಬಗೆ. ಅಲ್ಲಿ ಹುಟ್ಟಿದ ವಾರವೇ ಹೆಸರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದ ಕೋಫಿ ಅನ್ನಾನ್ ಅವರ ಪೂರ್ತಿ ಹೆಸರು ಕೋಫಿ ಅಟ್ಟಾ ಅನ್ನಾನ್. 'ಕೋಫಿ' ಎಂದರೆ ಶುಕ್ರವಾರ ಹುಟ್ಟಿದ ಗಂಡು. 'ಅಟ್ಟಾ' ಎಂದರೆ ಅವಳಿ. 'ಅನ್ನಾನ್' ಎಂದರೆ ನಾಲ್ಕನೆಯವನು. 1938ರ ಏಪ್ರಿಲ್ 8ರ ಕ್ಯಾಲೆಂಡರ್ ತೆಗೆದು ನೋಡಿ, ಶುಕ್ರವಾರವೇ. ಜೊತೆಗೆ ಹುಟ್ಟಿದ ತಂಗಿಯ ಹೆಸರು ಎಫುವಾ, ಅದೂ ಶುಕ್ರವಾರದ್ದೇ, ಹೆಣ್ಣುಮಗುವಿನ ರೂಪ. ಈ ಹೆಸರಿನಲ್ಲಿ ಹೊಗಳಿಕೆ ಇಲ್ಲ, ಹಾರೈಕೆ ಇಲ್ಲ. ನೀನು ಯಾವತ್ತು ಬಂದೆ, ಯಾರ ಜೊತೆ ಬಂದೆ, ಎಷ್ಟನೆಯವನಾಗಿ ಬಂದೆ ಅನ್ನುವುದಷ್ಟೇ ಇದೆ. ನನಗೆ ಇದು ಎಷ್ಟೋ ಬೆಡಗಿನ ಹೆಸರುಗಳಿಗಿಂತ ಜಾಸ್ತಿ ಇಷ್ಟ. ಮಗು ಬಂತು, ನಾವು ಗಮನಿಸಿದೆವು ಎಂದು ಹೇಳುವ ಹೆಸರು ಇದು.

ಈ ವಾರದ ಹೆಸರುಗಳು ಗುಲಾಮರ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿದವು. ಮೈಮೇಲಿನ ಬಟ್ಟೆಯನ್ನೂ ಕಿತ್ತುಕೊಂಡವರಿಗೆ ಬಾಯಲ್ಲಿದ್ದ ಹೆಸರನ್ನು ಪೂರ್ತಿ ಕಿತ್ತುಕೊಳ್ಳಲು ಆಗಲಿಲ್ಲ. ಜಮೈಕಾದಲ್ಲಿ ತಪ್ಪಿಸಿಕೊಂಡು ಬೆಟ್ಟ ಸೇರಿದ ಮರೂನ್ ಜನರ ನಾಯಕನ ಹೆಸರು ಕುಜೊ. ಅದು ಅಕಾನ್ ಭಾಷೆಯ 'ಕೊಜೊ', ಸೋಮವಾರ ಹುಟ್ಟಿದವನು. 1739ರಲ್ಲಿ ಬ್ರಿಟಿಷರು ಕೊನೆಗೆ ಈ ಸೋಮವಾರದ ಮಗನ ಜೊತೆ ಒಪ್ಪಂದಕ್ಕೇ ಬರಬೇಕಾಯಿತು. ಅಮೆರಿಕದಲ್ಲಿ ಪಾಲ್ ಕಫಿ ಎಂಬ ಹಡಗಿನ ಮಾಲೀಕರಿದ್ದರು. ಅವರ ತಂದೆ ಆಫ್ರಿಕಾದಿಂದ ಗುಲಾಮನಾಗಿ ಬಂದ ಕೋಫಿ. ಯಜಮಾನನ ಅಡ್ಡಹೆಸರು ಸ್ಲೋಕಮ್ ಆ ಮನೆಗೆ ಅಂಟಿಕೊಂಡಿತ್ತು. ಮಗ ಅದನ್ನು ಬಿಟ್ಟು ಅಪ್ಪನ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡರು. 'ಕಫಿ' ಎಂದರೇನು ಅಂತ ಪಟ್ಟಿಯಲ್ಲಿ ಹುಡುಕಿದರೆ 'ಶುಕ್ರವಾರ' ಅಂತ ಬರುತ್ತದೆ. ಆ ಮಗ ಮಾಡಿದ ಆಯ್ಕೆ ಅಲ್ಲಿ ಬರುವುದಿಲ್ಲ.

ಪ್ರಯಾಣ ಮಾಡಿದ ಹೆಸರುಗಳ ವಿಷಯ ಎಲ್ಲರಿಗೂ ಸ್ವಲ್ಪ ಗೊತ್ತಿರುತ್ತದೆ. ಹೀಬ್ರೂ ಭಾಷೆಯ ಯೊಹಾನಾನ್ ಗ್ರೀಕಿಗೆ ಹೋಗಿ, ಲ್ಯಾಟಿನ್‌ಗೆ ಹೋಗಿ, ಜಾನ್ ಆಯಿತು, ಜಾನ್‌ನ ತಮ್ಮಂದಿರಂತೆ ಇವಾನ್, ಹುವಾನ್, ಜೊವಾನ್ನಿ, ಹಾನ್ಸ್, ಶಾನ್ ಹುಟ್ಟಿಕೊಂಡವು. ಬೈಬಲಿನಲ್ಲಿ ಈ ಹೆಸರಿನ ಸ್ನಾನಿಕ ಯೊಹಾನ ಅರಬ್ಬಿಯಲ್ಲಿ ಯಾಹ್ಯಾ. ನಮಗೆ ಹೆಚ್ಚು ಹತ್ತಿರದ್ದು ಸಿಕಂದರ್. ಅಲೆಕ್ಸಾಂಡರ್ ಹೆಸರಿನ ಮೊದಲಿನ 'ಅಲ್' ಅರಬ್ಬಿ ಕಿವಿಗೆ ತಮ್ಮದೇ ಭಾಷೆಯಲ್ಲಿ ಪದದ ಮುಂದೆ ಸೇರಿಸುವ 'ಅಲ್'ನಂತೆ ಕೇಳಿಸಿತು. ಅದನ್ನು ಬೇರೆ ಮಾಡಿದರು, ಇಸ್ಕಂದರ್ ಉಳಿಯಿತು. ಗ್ರೀಕಿನಲ್ಲಿ 'ಜನರನ್ನು ಕಾಪಾಡುವವನು' ಎಂದಿದ್ದ ಅರ್ಥ ದಾರಿಯಲ್ಲೇ ಉದುರಿಹೋಯಿತು. ಯಾರಿಗೂ ಏನೂ ಕಡಿಮೆ ಅನ್ನಿಸಲಿಲ್ಲ.

ಅಡ್ಡಹೆಸರಿನ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಕಮ್ಮಾರನ ಕೆಲಸದಿಂದ ಸ್ಮಿತ್, ಶ್ಮಿಟ್, ಕೊವಾಚ್, ಕುಜ್ನೆತ್ಸೊವ್, ಹದ್ದಾದ್, ಫೆರಾರಿ ಎಲ್ಲ ಬಂದವು ಅಂತ ಖುಷಿಯಿಂದ ಹೇಳುತ್ತೇವೆ. ಸರಿ, ಅವು ಬಾಯಿಂದ ಬಾಯಿಗೆ ತಾನಾಗಿ ಬೆಳೆದವು. ಆದರೆ ಜಗತ್ತಿನ ಎಷ್ಟೋ ಅಡ್ಡಹೆಸರುಗಳು ಸರ್ಕಾರಿ ಆದೇಶದಿಂದ ಹುಟ್ಟಿದವು. ಫಿಲಿಪೀನ್ಸ್ ನೋಡಿ. ಅಲ್ಲಿನ ಬಹಳ ಜನ 'ದೆ ಲಾ ಕ್ರೂಸ್', 'ದೆ ಲೋಸ್ ಸಾಂತೋಸ್' ಅಂತ ಒಂದೇ ಥರದ ಹೆಸರು ಇಟ್ಟುಕೊಂಡಿದ್ದರು. ತೆರಿಗೆ ವಸೂಲಿ ಮಾಡುವವರಿಗೆ ಯಾರು ಯಾರು ಅಂತ ಗೊತ್ತಾಗುತ್ತಿರಲಿಲ್ಲ. 1849ರಲ್ಲಿ ಸ್ಪೇನಿನ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ ಅಡ್ಡಹೆಸರುಗಳ ದೊಡ್ಡ ಪಟ್ಟಿಯನ್ನು ಅಕ್ಷರಮಾಲೆಯ ಕ್ರಮದಲ್ಲಿ ಹಂಚಿಸಿದ. ಪುಟಗಳು ಊರಿಂದೂರಿಗೆ ಹೋದವು. ಒಂದು ಊರಿಗೆ ಒಂದು ಅಕ್ಷರದ ಪುಟ ಸಿಕ್ಕಿದರೆ ಊರಿನವರೆಲ್ಲ ಆ ಅಕ್ಷರದಿಂದಲೇ ಆರಿಸಿಕೊಳ್ಳಬೇಕು. ಅಲ್ಬಾಯ್ ಪ್ರಾಂತ್ಯದ ಓವಾಸ್ ಎಂಬ ಊರಿನ ಹಳೆಯ ಮನೆತನಗಳಲ್ಲಿ ಇವತ್ತಿಗೂ 'ಆರ್' ಅಕ್ಷರದ ಅಡ್ಡಹೆಸರುಗಳೇ ತುಂಬಿವೆ. ಅಂಥ ಹೆಸರಿನ ಅರ್ಥ ಏನು ಅಂತ ಕೇಳಿದರೆ ನಾನು ಹೇಳುವುದು: ಅದರ ಅರ್ಥ ತೆರಿಗೆ.

ಜಪಾನಿನ ಸಾಮಾನ್ಯ ಜನರಿಗೆ 1875ರಲ್ಲಿ ಅಡ್ಡಹೆಸರು ಕಡ್ಡಾಯವಾಯಿತು. ಥಾಯ್ಲೆಂಡಿನಲ್ಲಿ 1913ರಲ್ಲಿ. ಅಲ್ಲಿನ ರಾಜ ವಜಿರಾವುಧ್ ಆರು ಸಾವಿರಕ್ಕೂ ಹೆಚ್ಚು ಮನೆತನಗಳಿಗೆ ತಾವೇ ಹೆಸರು ಕಟ್ಟಿಕೊಟ್ಟರು. ಟರ್ಕಿಯಲ್ಲಿ 1934ರ ಕಾಯಿದೆ ಬಂತು, ದೇಶದ ಅಧ್ಯಕ್ಷ ಮುಸ್ತಫಾ ಕೆಮಾಲ್‌ಗೆ ಸಂಸತ್ತು 'ಅಟಾಟರ್ಕ್', ಅಂದರೆ 'ತುರ್ಕರ ತಂದೆ' ಎಂಬ ಹೆಸರು ಕೊಟ್ಟಿತು, ಬೇರೆ ಯಾರೂ ಅದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಮಂಗೋಲಿಯಾದಲ್ಲಿ ಆಗಿದ್ದು ಇದರ ಉಲ್ಟಾ. 1925ರಲ್ಲಿ ಕುಲದ ಹೆಸರನ್ನೇ ನಿಷೇಧಿಸಿದರು. 1990ರ ದಶಕದಲ್ಲಿ ಮತ್ತೆ ಇಟ್ಟುಕೊಳ್ಳಿ ಎನ್ನುವಾಗ ಎಷ್ಟೋ ಜನರಿಗೆ ತಮ್ಮ ಕುಲ ಯಾವುದೆಂದೇ ಮರೆತುಹೋಗಿತ್ತು. ತುಂಬಾ ಜನ ಚೆಂಗಿಸ್ ಖಾನನ ಕುಲದ 'ಬೊರ್ಜಿಗಿನ್' ಹೆಸರನ್ನೇ ಆರಿಸಿಕೊಂಡರು. 1981ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಆ ದೇಶದ ಮೊದಲ ಗಗನಯಾತ್ರಿ ಗುರ್ರಾಗ್ಚಾ ಮಾತ್ರ ಹೊಸದೊಂದು ಹೆಸರು ಇಟ್ಟುಕೊಂಡರು: 'ಸನ್ಸಾರ್'. ಹಾಗೆಂದರೆ ಅಂತರಿಕ್ಷ. ಇದನ್ನು ಓದಿದ ದಿನ ಎಷ್ಟು ಖುಷಿಯಾಯಿತು ಅಂದರೆ, ಸಿಕ್ಕವರಿಗೆಲ್ಲ ಹೇಳಿದೆ.

ಆದರೆ ಹೆಸರನ್ನು ಬಲವಂತದಿಂದ ಬದಲಿಸುವುದಿದೆಯಲ್ಲ, ಅದರಷ್ಟು ಕ್ರೂರ ಕೆಲಸ ಕಡಿಮೆ. 1940ರಲ್ಲಿ ಜಪಾನ್ ತನ್ನ ಆಳ್ವಿಕೆಯಲ್ಲಿದ್ದ ಕೊರಿಯಾದವರ ಮೇಲೆ ಜಪಾನಿ ರೀತಿಯ ಹೆಸರು ಹೇರಿತು. ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಟ್ಟುಕೊಂಡು ಬಂದ ಜನ ಅವರು. ಬಲ್ಗೇರಿಯಾ ಸರ್ಕಾರ 1984-85ರ ಚಳಿಗಾಲದಲ್ಲಿ ತನ್ನ ಲಕ್ಷಾಂತರ ತುರ್ಕಿ ಪ್ರಜೆಗಳ ಹೆಸರನ್ನು ಬಲ್ಗೇರಿಯನ್ ಹೆಸರುಗಳಾಗಿ ಮಾಡಿತು. ಸೈನಿಕರು ಹಳ್ಳಿಗಳನ್ನು ಸುತ್ತುವರಿದರು, ಜನ ಹೊಸ ಹೆಸರಿನ ಗುರುತಿನ ಚೀಟಿ ತೆಗೆದುಕೊಂಡು ಮನೆಗೆ ಹೋಗಬೇಕಾಯಿತು. 1989ರ ಬೇಸಿಗೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಟರ್ಕಿಗೆ ಹೊರಟುಹೋದರು. ಹೆಸರಲ್ಲಿ ಏನಿದೆ ಅನ್ನುವವರು ಈ ಜನರ ಮುಂದೆ ಆ ಮಾತು ಹೇಳಬೇಕು.

ಕೆಲವೊಮ್ಮೆ ಬಂದೂಕೂ ಬೇಕಾಗುವುದಿಲ್ಲ. ನೆಲ್ಸನ್ ಮಂಡೇಲಾ ಅವರಿಗೆ ಅಪ್ಪ ಇಟ್ಟ ಹೆಸರು ರೊಲಿಹ್ಲಾಹ್ಲಾ. ಶಬ್ದಾರ್ಥ ಮರದ ಕೊಂಬೆ ಎಳೆಯುವುದು, ಆಡುಮಾತಿನಲ್ಲಿ ತಂಟೆಕೋರ. ಶಾಲೆಗೆ ಹೋದ ಮೊದಲ ದಿನ ಟೀಚರ್ 'ನಿನ್ನ ಹೆಸರು ಇನ್ಮೇಲೆ ನೆಲ್ಸನ್' ಎಂದುಬಿಟ್ಟರು. ಎಲ್ಲ ಮಕ್ಕಳಿಗೂ ಒಂದೊಂದು ಇಂಗ್ಲಿಷ್ ಹೆಸರು. ಆ ಹೆಸರೇ ಯಾಕೆ ಅಂತ ಮಂಡೇಲಾ ಅವರಿಗೂ ತಿಳಿಯಲಿಲ್ಲ. ಆ ಟೀಚರ್ ಕೆಟ್ಟವರೇನಲ್ಲ, ಆಗಿನ ಪದ್ಧತಿ ಹಾಗಿತ್ತು. ಅದೇ ನನಗೆ ಬೇಜಾರು. ಮಗುವಿನ ಹೆಸರನ್ನು ಬದಿಗಿಡುವುದು ಪದ್ಧತಿಯಾಗುವಷ್ಟು ಸಲೀಸಾಗಿತ್ತು.

1967ರಲ್ಲಿ ಹ್ಯೂಸ್ಟನ್‌ನಲ್ಲಿ ನಡೆದ ಬಾಕ್ಸಿಂಗ್ ಪಂದ್ಯ ಕೆಲವರಿಗೆ ನೆನಪಿರಬಹುದು. ಮುಹಮ್ಮದ್ ಅಲಿ ಮೂರು ವರ್ಷದ ಹಿಂದೆಯೇ ಕ್ಯಾಸಿಯಸ್ ಕ್ಲೇ ಎಂಬ ಹೆಸರು ಬಿಟ್ಟಿದ್ದರು, ಅದು ಗುಲಾಮಗಿರಿಯ ಹೆಸರು ಎಂದು. ಎದುರಾಳಿ ಎರ್ನಿ ಟೆರೆಲ್ ಪಂದ್ಯಕ್ಕೂ ಮುಂಚೆ ಅವರನ್ನು ಕ್ಲೇ ಎಂದೇ ಕರೆದರು. ಅಲಿ ಹದಿನೈದು ಸುತ್ತು ಹೊಡೆಯುತ್ತಾ, "ನನ್ನ ಹೆಸರೇನು?" ಎಂದು ಕೇಳುತ್ತಲೇ ಇದ್ದರು. ಹೊಡೆತದ ಬಗ್ಗೆ ನನ್ನ ತಕರಾರು ಏನಿದ್ದರೂ, ಆ ಪ್ರಶ್ನೆ ನ್ಯಾಯವಾದದ್ದು.

ಈಗ ಇದೇ ಕೆಲಸವನ್ನು ಕಂಪ್ಯೂಟರಿನ ಫಾರಂಗಳು ಸದ್ದಿಲ್ಲದೆ ಮಾಡುತ್ತಿವೆ. ಮೊದಲ ಹೆಸರು ಒಂದು ಖಾನೆ, ಕೊನೆಯ ಹೆಸರು ಇನ್ನೊಂದು ಖಾನೆ, ಎರಡೂ ಕಡ್ಡಾಯ. ಆದರೆ ಇಂಡೋನೇಷ್ಯಾದ ಮೊದಲ ಅಧ್ಯಕ್ಷ ಸುಕರ್ಣೊ ಅವರಿಗೆ ಇದ್ದದ್ದು ಒಂದೇ ಹೆಸರು. ವಿಶ್ವಸಂಸ್ಥೆಯ ಇನ್ನೊಬ್ಬ ಮಹಾಕಾರ್ಯದರ್ಶಿ ಉ ಥಾಂಟ್ ಅವರಿಗೂ ಅಷ್ಟೇ. 'ಉ' ಎಂಬುದು ಬರ್ಮೀ ಭಾಷೆಯಲ್ಲಿ ಗೌರವಕ್ಕೆ ಹಾಕುವ ಮಾತು, ಹೆಸರು ಬರೀ ಥಾಂಟ್. ಹಂಗೇರಿ, ಚೀನಾ, ಜಪಾನ್, ಕೊರಿಯಾದವರಿಗೆ ಮನೆತನದ ಹೆಸರೇ ಮೊದಲು. ಐಸ್‌ಲ್ಯಾಂಡಿನ ಹೆಚ್ಚಿನವರಿಗೆ ಅಡ್ಡಹೆಸರೇ ಇಲ್ಲ, ಅಪ್ಪ ಅಥವಾ ಅಮ್ಮನ ಹೆಸರಿಗೆ 'ಸನ್' (ಮಗ) ಇಲ್ಲವೇ 'ದೊಟ್ಟಿರ್' (ಮಗಳು) ಸೇರಿಸುತ್ತಾರೆ, ಅಣ್ಣ ತಂಗಿಗೇ ಕೊನೆಯ ಹೆಸರು ಬೇರೆ ಬೇರೆ. ಒಂದೇ ಹೆಸರಿರುವವರು ಫಾರಂ ತುಂಬುವಾಗ ಅದನ್ನೇ ಎರಡು ಸಲ ಬರೆಯುತ್ತಾರೆ, ಇಲ್ಲವೇ ಒಂದು ಚುಕ್ಕಿ ಹಾಕುತ್ತಾರೆ. ಅಮೆರಿಕದ ವೀಸಾದಲ್ಲಿ ಅಂಥವರ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು. ಮುಂದೆ ಬ್ಯಾಂಕು, ಆಫೀಸು, ಆಸ್ಪತ್ರೆಯಲ್ಲಿ ಅವರನ್ನು 'ಫ್ನು' ಎಂದೇ ಕರೆಯುವುದೂ ಉಂಟು. ಹೆಸರು ಇರುವ ಮನುಷ್ಯನಿಗೆ 'ಗೊತ್ತಿಲ್ಲ' ಎಂಬ ಹೆಸರು!

ಐಸ್‌ಲ್ಯಾಂಡಿನಲ್ಲೂ ಒಬ್ಬ ಹುಡುಗಿಗೆ ಹೀಗೇ ಆಗಿತ್ತು. ತಾಯಿ ಇಟ್ಟ ಹೆಸರಿನ ಅರ್ಥ ತಂಗಾಳಿ. ವ್ಯಾಕರಣದಲ್ಲಿ ಅದು ಪುಲ್ಲಿಂಗ, ಹೆಣ್ಣುಮಗುವಿಗೆ ಆಗದು ಎಂದು ಅಲ್ಲಿನ ಹೆಸರು ಸಮಿತಿ ತಿರಸ್ಕರಿಸಿತು. ಸರ್ಕಾರಿ ಕಾಗದಗಳಲ್ಲಿ ಅವಳ ಹೆಸರು ವರ್ಷಗಟ್ಟಲೆ 'ಹುಡುಗಿ' ಎಂದೇ ಇತ್ತು. ಅವಳಿಗೆ ಹದಿನೈದು ವರ್ಷವಾದಾಗ, 2013ರಲ್ಲಿ, ಕೋರ್ಟು ಅವಳ ಪರ ತೀರ್ಪು ಕೊಟ್ಟಿತು.

ಫಾರಂ ಮಾಡುವವರು, ಸಾಫ್ಟ್‌ವೇರ್ ಬರೆಯುವವರು ನನ್ನ ಗೆಳೆಯರ ಬಳಗದಲ್ಲೂ ತುಂಬಾ ಜನ ಇದ್ದೀರಿ. ನಿಮ್ಮ ಹತ್ತಿರ ನನ್ನ ಬೇಡಿಕೆ ಚಿಕ್ಕದು. ಹೆಸರಿಗೆ ಒಂದೇ ಉದ್ದನೆಯ ಖಾನೆ ಇಡಿ. ಅದರ ಕೆಳಗೆ "ನಿಮ್ಮನ್ನು ಏನಂತ ಕರೆಯಬೇಕು?" ಎಂದು ಇನ್ನೊಂದು ಖಾನೆ ಇಡಿ. ಎರಡನೆಯದು ಕಡ್ಡಾಯ ಬೇಡ. ಮೊದಲನೆಯದರಲ್ಲಿ ಎಷ್ಟು ಪದ ಇರಬೇಕು, ಯಾವ ಅಕ್ಷರ ಇರಬಾರದು ಎಂದು ನೀವು ತೀರ್ಮಾನ ಮಾಡಬೇಡಿ. ಹೆಸರು ತುಂಬುವವರಿಗೆ ಅದು ಗೊತ್ತಿರುತ್ತದೆ.