ಕಾರಿಲ್ಲದವನ ಕಾಲು

ಬರೆಯಲು ಕೂತಿದ್ದೇನೆ, ಆದರೆ ಗಮನವೆಲ್ಲ ಎಡಗಾಲಿನ ಮೇಲೆ. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಬಿಳಿ ಗುಳ್ಳೆಗಳು, ಯಾರೋ ನೆನೆಸಿದ ಸಬ್ಬಕ್ಕಿ ಚೆಲ್ಲಿದ ಹಾಗೆ. ತುರಿಸಬೇಡ ಅಂತ ಔಷಧಿ ಅಂಗಡಿಯಾಕೆ ಹೇಳಿದಳು. ರೂಮ್‌ಮೇಟ್ ಹೇಳಿದ. ಅಮ್ಮ ವಿಡಿಯೋ ಕಾಲ್‌ನಲ್ಲಿ ಕಾಲು ತೋರಿಸು ಅಂತ ನೋಡಿ ಹೇಳಿದರು. ಹೇಳುವವರಿಗೇನು, ತುರಿಕೆ ಅವರ ಕಾಲಿಗಿಲ್ಲವಲ್ಲ! ಇದು ಇರುವೆ ಮಾಡಿದ ಕೆಲಸ ಅನ್ನುವುದು ಅವರೆಲ್ಲರ ಅಭಿಪ್ರಾಯ. ನನ್ನ ಪ್ರಕಾರ ಇದು ಫುಟ್‌ಪಾತ್ ಇಲ್ಲದ್ದರ ಕೆಲಸ.

ನಾನಿರುವುದು ಅಮೆರಿಕದ ದಕ್ಷಿಣದಲ್ಲಿ, ಅಲಬಾಮಾ ರಾಜ್ಯದ ಮೊಬೀಲ್ ಎಂಬ ಊರಿನಲ್ಲಿ. ಬರೆಯುವುದು ಫೋನಿನ ಮೊಬೈಲ್ ಬರೆದಂತೆಯೇ. ದಯವಿಟ್ಟು ಆ ಜೋಕು ಮಾತ್ರ ಬೇಡ, ಚಳ್ಳಕೆರೆಯಲ್ಲಿ ನಮ್ಮ ಬೀದಿಯವರೆಲ್ಲ ಸೇರಿ ಅದನ್ನು ಆಗಲೇ ಸವೆಸಿಬಿಟ್ಟಿದ್ದಾರೆ. ಊರೇನೋ ಚೆಂದ. ಹಳೆಯ ಪೇಟೆಯ ಕಡೆ ದೊಡ್ಡ ದೊಡ್ಡ ಓಕ್ ಮರಗಳು ರಸ್ತೆಯ ಎರಡೂ ಕಡೆಯಿಂದ ಬಾಗಿ ಮೇಲೆ ಕೈ ಹಿಡಿದುಕೊಂಡಿವೆ. ಕೊಂಬೆಗಳಿಂದ ಬೂದು ಬಣ್ಣದ ಪಾಚಿ ಇಳಿಬಿದ್ದಿರುತ್ತದೆ. ವರ್ಷಕ್ಕೆ 1,600 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಮೋಡ ನೋಡಿದರೇ ಕೈ ಮುಗಿಯುವ ಸೀಮೆಯಿಂದ ಬಂದ ನನಗೆ ಮೊದಲ ವಾರ ಇದೆಲ್ಲ ಸ್ವರ್ಗವೇ ಅನ್ನಿಸಿತ್ತು. ಆಮೇಲೆ ಬಟ್ಟೆ ಒಣಗಲಿಲ್ಲ, ಉಪ್ಪಿನ ಡಬ್ಬಿ ನೀರಾಯಿತು, ಸ್ವರ್ಗದ ವಿಚಾರ ಅಲ್ಲಿಗೆ ಬಿಟ್ಟೆ.

ನನ್ನ ಓದು ಸಾರಿಗೆ ಎಂಜಿನಿಯರಿಂಗ್. ಯಾವ ಸಿಗ್ನಲ್‌ನಲ್ಲಿ ಎಷ್ಟು ಕಾರು ಎಷ್ಟು ಸೆಕೆಂಡು ಕಾಯುತ್ತವೆ ಎಂದು ಲೆಕ್ಕ ಹಾಕುವುದು ದಿನದ ಕೆಲಸ. ಸಂಜೆ ಲೆಕ್ಕ ಮುಗಿಸಿ ಅದೇ ಸಿಗ್ನಲ್ ದಾಟಿ ನಡೆದು ಮನೆಗೆ ಬರುತ್ತೇನೆ. ಕಾಯುವ ಕಾರುಗಳ ಪೈಕಿ ನನ್ನದೊಂದೂ ಇಲ್ಲ.

ಓಕ್ ಮರದ ರಸ್ತೆಗಳಲ್ಲಿ ಸ್ಟೂಡೆಂಟ್‌ಗಳಿಗೆ ಮನೆ ಸಿಗುತ್ತದೆಯೇ? ನಾವಿರುವುದು ಊರಾಚೆ, ಆರು ಲೇನಿನ ರಸ್ತೆಯ ಪಕ್ಕ. ಅಲ್ಲಿಂದ ದಿನಸಿ ಅಂಗಡಿ ಒಂದೂವರೆ ಮೈಲಿ. ಚಳ್ಳಕೆರೆಯಲ್ಲಿ ಇಷ್ಟು ದೂರಕ್ಕೆ ಆಟೋ ಹತ್ತಿದರೆ "ಕಾಲಿಗೇನಾಗಿದೆ?" ಅನ್ನುತ್ತಾರೆ. ಇಲ್ಲಿ ನಡೆದರೆ "ಕಾರಿಗೇನಾಗಿದೆ?" ಅನ್ನುತ್ತಾರೆ. ನಿಜವಾಗಿಯೂ ನಿಲ್ಲಿಸಿ ಕೇಳುತ್ತಾರೆ. ರಸ್ತೆ ಬದಿ ನಡೆಯುವವನು ಒಂದೋ ಗಾಡಿ ಕೆಟ್ಟು ನಿಂತವನು, ಇಲ್ಲವೇ ತಲೆ ಕೆಟ್ಟವನು. ಸುಮ್ನೆ ಮೊಸರು ತರಲು ಹೊರಟವನು ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಒಮ್ಮೆ ಪೊಲೀಸಿನವನೇ ಪಕ್ಕಕ್ಕೆ ಬಂದು ನಿಧಾನ ಮಾಡಿ, "ಎಲ್ಲಾ ಸರಿ ಇದೆಯಾ ಸರ್?" ಅಂದ. ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ಎತ್ತಿ ತೋರಿಸಿದೆ. ಅವನಿಗೆ ಇನ್ನೂ ಅನುಮಾನ ಜಾಸ್ತಿಯಾಯಿತು.

ಫುಟ್‌ಪಾತ್ ಇಲ್ಲವೇ ಇಲ್ಲ ಅಂದರೆ ತಪ್ಪಾಗುತ್ತದೆ. ಬ್ಯಾಂಕಿನ ಮುಂದೆ ಶುರುವಾಗುತ್ತದೆ. ನಾನೂ ಖುಷಿಯಿಂದ ಹತ್ತುತ್ತೇನೆ. ಟೈರ್ ಅಂಗಡಿ ಮುಗಿಯುವಷ್ಟರಲ್ಲಿ ಅದೂ ಮುಗಿಯುತ್ತದೆ. ಬ್ಯಾಂಕಿನಿಂದ ಟೈರ್ ಅಂಗಡಿಗೆ ನಡೆದು ಹೋಗುವ ಯಾವ ಪುಣ್ಯಾತ್ಮನಿಗಾಗಿ ಹಾಕಿಸಿದರೋ! ಅಲ್ಲಿಂದ ಮುಂದೆ ಬರೀ ಹುಲ್ಲು, ಹುಲ್ಲಿನಾಚೆ ಚರಂಡಿ. ಎದುರಿನಿಂದ ಪಿಕಪ್ ಟ್ರಕ್ಕುಗಳು ಗಂಟೆಗೆ ಅರವತ್ತು ಮೈಲಿಯಲ್ಲಿ ಬರುತ್ತಿರುತ್ತವೆ. ನಮ್ಮಂಥವರಿಗೆ ಹುಲ್ಲೇ ಗತಿ.

ಬಸ್ಸಿಲ್ಲವಾ ಅಂತ ಕೇಳಬಹುದು. ಭಾನುವಾರ ಬಸ್ಸು ನಂಬಿಕೊಂಡು ಇಲ್ಲಿ ಅಡುಗೆ ಮಾಡುವಂತಿಲ್ಲ. ನಮ್ಮ ಗುಂಪಿನಲ್ಲಿ ಕಾರಿರುವುದು ಒಬ್ಬ ಸೀನಿಯರ್ ಹತ್ತಿರ. ಎಲ್ಲರೂ ಅವನನ್ನು ಅಣ್ಣ ಅನ್ನುತ್ತೇವೆ. ಕಾರಿಲ್ಲದಿದ್ದರೆ ಹೆಸರು ಹಿಡಿದೇ ಕರೆಯುತ್ತಿದ್ದೆವೇನೋ. ಕಾರು ಹತ್ತಿದರೆ ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿಯ ಬಗ್ಗೆ ಅವನ ಸಿದ್ಧಾಂತಗಳನ್ನು ಹೋಗುವಾಗಲೂ ಬರುವಾಗಲೂ ಕೇಳಬೇಕು. ಅದಕ್ಕೂ ಸಿದ್ಧನಿದ್ದೆ. ಆದರೆ ಆ ಭಾನುವಾರ ಅಣ್ಣ ಫೋನ್ ಎತ್ತಲಿಲ್ಲ. ಇತ್ತ ಮೊಸರು ಖಾಲಿ. ರೂಮ್‌ಮೇಟ್ ಗುಂಟೂರಿನವನು. ಅವನ ಕೈಯಡುಗೆ ಉಂಡವನಿಗೆ ಮೊಸರಿಲ್ಲದೆ ಉಳಿವಿಲ್ಲ.

ಆಗಸ್ಟ್ ತಿಂಗಳು. 95 ಡಿಗ್ರಿ, ಅಂದರೆ ನಮ್ಮ ಲೆಕ್ಕದಲ್ಲಿ 35. ಅಷ್ಟು ಸೆಕೆಯಲ್ಲೂ ಉದ್ದ ಟ್ರ್ಯಾಕ್ ಪ್ಯಾಂಟ್ ಯಾಕೆ ಹಾಕಿಕೊಂಡಿದ್ದೆ ಅಂದರೆ, ಇಲ್ಲಿ ಹೊರಗೆ ಉರಿ, ಒಳಗೆ ಊಟಿ. ಅಂಗಡಿ, ಕ್ಲಾಸು, ಲ್ಯಾಬು, ಎಲ್ಲಿ ಹೋದರೂ ಏಸಿ ಮೂಳೆಗೆ ಹೊಡೆಯುತ್ತದೆ. ಸ್ವೆಟರನ್ನು ಜನವರಿಗಿಂತ ಆಗಸ್ಟ್‌ನಲ್ಲೇ ಜಾಸ್ತಿ ಹಾಕುವ ಊರು ಇದು. ಪ್ಯಾಂಟಿನ ವಿಷಯ ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಇನ್ನು ಇರುವೆ. ಊರಲ್ಲಿ ಕೆಂಪಿರುವೆ, ಗೊದ್ದ ಎಲ್ಲದರಿಂದಲೂ ಕಚ್ಚಿಸಿಕೊಂಡು ಬೆಳೆದವನು ನಾನು. ಇಲ್ಲಿಯ ಬೆಂಕಿ ಇರುವೆಯ ರೀತಿಯೇ ಬೇರೆ. ಮೊದಲು ದವಡೆಯಿಂದ ಚರ್ಮ ಹಿಡಿದುಕೊಳ್ಳುತ್ತದೆ. ಆಮೇಲೆ ಹಿಂಬದಿಯ ಮುಳ್ಳಿನಿಂದ ಸುತ್ತಲೂ ಚುಚ್ಚುತ್ತಾ ಹೋಗುತ್ತದೆ. ಮಜಾ ಏನೆಂದರೆ ಇದು ಈ ದೇಶದ್ದೇ ಅಲ್ಲ. ದಕ್ಷಿಣ ಅಮೆರಿಕದಿಂದ 1930ರ ದಶಕದ ಹೊತ್ತಿಗೆ ಹಡಗಿನ ಸಾಮಾನಿನ ಜೊತೆ ಬಂದದ್ದು. ಬಂದು ಇಳಿದ ಬಂದರು ಬೇರೆಲ್ಲೂ ಅಲ್ಲ, ಇದೇ ಮೊಬೀಲ್! 1942ರಲ್ಲಿ ಇಲ್ಲಿಯ 13 ವರ್ಷದ ಹುಡುಗನೊಬ್ಬ ತನ್ನ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಇದರ ಗೂಡು ಗುರುತಿಸಿದ್ದ. ಮುಂದೆ ಇರುವೆಗಳ ಅಧ್ಯಯನದಲ್ಲಿ ಜಗತ್ತಿಗೇ ದೊಡ್ಡ ಹೆಸರಾದ ಇ. ಒ. ವಿಲ್ಸನ್ ಅವನೇ. 1957ರಿಂದ ಸರ್ಕಾರ ವಿಮಾನದಿಂದ ವಿಷ ಸುರಿಸಿತು. ಹಕ್ಕಿಗಳು ಸತ್ತವು, ಇರುವೆ ಉಳಿಯಿತು. ನೆರೆ ಬಂದರೆ ಒಂದನ್ನೊಂದು ಹಿಡಿದುಕೊಂಡು ತೆಪ್ಪ ಕಟ್ಟಿ ತೇಲುವ ಜಾತಿ ಅದು. ನಾನು ಚೆನ್ನೈನಲ್ಲಿ ಕ್ಯೂ ನಿಂತು, ಬೆರಳಚ್ಚು ಕೊಟ್ಟು, ಅಪ್ಪನ ಬ್ಯಾಂಕ್ ಪಾಸ್‌ಬುಕ್ ತೋರಿಸಿ ವೀಸಾ ತಗೊಂಡು ಬಂದೆ. ಇವಕ್ಕೆ ಯಾರೂ ಏನೂ ಕೇಳಲಿಲ್ಲ.

ಚರ್ಚು ಬಿಡುವ ಹೊತ್ತು. ಟೈರ್ ಅಂಗಡಿ ದಾಟಿ ಹುಲ್ಲಿಗಿಳಿದಿದ್ದೆ. ದೊಡ್ಡದೊಂದು ಕೆಂಪು ಪಿಕಪ್ ಪಕ್ಕಕ್ಕೆ ಬಂದು ನಿಂತಿತು. ಕಿಟಕಿ ಇಳಿಯಿತು. ಒಳಗೆ ಎಪ್ಪತ್ತು ದಾಟಿದ ಒಬ್ಬರು ಅಜ್ಜಿ, ಹೂವಿನ ಟೋಪಿ, ತುಟಿಗೆ ಬಣ್ಣ. "ಕಾರು ಕೆಟ್ಟಿತಾ ಮಗಾ?"

ಇಲ್ಲಿ ಹಿರಿಯರು ಮಾತಾಡಿಸಿದರೆ ನಿಂತು ಉತ್ತರ ಕೊಡಬೇಕು, ಪ್ರತಿ ಉತ್ತರಕ್ಕೂ ‘ಮ್ಯಾಮ್’ ಸೇರಿಸಬೇಕು. ಲ್ಯಾಬಿನ ಅಲಬಾಮಾ ಹುಡುಗ ಬಂದ ಹೊಸದರಲ್ಲೇ ಕಲಿಸಿದ್ದಾನೆ. ನಿಂತೆ. ನಿಲ್ಲಲು ಇದ್ದದ್ದು ಅದೊಂದೇ ಜಾಗ. "ನೋ ಮ್ಯಾಮ್, ನಡೀತಾ ಇದ್ದೀನಿ."

"ಈ ಬಿಸಿಲಲ್ಲಾ! ಯಾವೂರಪ್ಪಾ ನಿಂದು?"

ಇಂಡಿಯಾ ಅಂದೆ. ಅಜ್ಜಿ ಎಂಜಿನ್ ಆಫ್ ಮಾಡಿದರು. ಅಲ್ಲಿಗೆ ನನಗೆ ಅರ್ಥವಾಯಿತು. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೂರುವ ಅಜ್ಜಿಯರ ಪ್ರಶ್ನೆಪತ್ರಿಕೆಯೇ ಇಲ್ಲೂ ಬಂದಿದೆ, ಅದೇ ಕ್ರಮದಲ್ಲಿ. ಅಪ್ಪ ಏನು ಮಾಡುತ್ತಾರೆ, ಅಮ್ಮ ಹುಷಾರಾಗಿದ್ದಾರಾ, ಎಷ್ಟು ಜನ ಮಕ್ಕಳು, ಮದುವೆ ಆಗಿದೆಯಾ, ಯಾಕೆ ಆಗಿಲ್ಲ. ನಮ್ಮ ಕಡೆ ‘ಯಾವ ಪೈಕಿ?’ ಅನ್ನುವ ಜಾಗದಲ್ಲಿ ಇಲ್ಲಿ ‘ಯಾವ ಚರ್ಚು?’ ಬರುತ್ತದೆ, ಅಷ್ಟೇ. ಎಡಗಾಲಿನ ಹತ್ತಿರ ಏನೋ ಸಣ್ಣಗೆ ಹರಿದಾಡಿತು. ಹುಲ್ಲಿರಬೇಕು ಅಂದುಕೊಂಡು, ನಾವು ಹಿಂದೂಗಳು ಮ್ಯಾಮ್ ಅಂದೆ. "ಪರವಾಗಿಲ್ಲ ಮಗಾ" ಅಂತ ಕ್ಷಮಿಸಿಬಿಟ್ಟರು.

ಬೆಂಕಿ ಇರುವೆ ಹತ್ತುವಾಗ ಕಚ್ಚುವುದಿಲ್ಲ. ಸದ್ದಿಲ್ಲದೆ ಎಲ್ಲವೂ ಏರಿ, ತಮ್ಮ ತಮ್ಮ ಸೀಟಿನಲ್ಲಿ ಕೂತು, ಆಮೇಲೆ ಒಟ್ಟಿಗೆ ಶುರು ಮಾಡುತ್ತವೆ. ಅಜ್ಜಿ ಅದೇ ಹೊತ್ತಿಗೆ ಮುಖ್ಯವಾದ ಪ್ರಶ್ನೆ ಎತ್ತಿದ್ದರು: "ಅಲಬಾಮಾನಾ, ಆಬರ್ನಾ?" ಫುಟ್‌ಬಾಲ್ ವಿಷಯ. ಈ ಎರಡು ಯೂನಿವರ್ಸಿಟಿಗಳ ತಂಡ 1893ರಿಂದ ಬಡಿದಾಡುತ್ತಿವೆ. ಯಾವ ಕಡೆ ಅಂತ ಹೇಳದವನಿಗೆ ಈ ರಾಜ್ಯದಲ್ಲಿ ನೆಲೆಯಿಲ್ಲ. ಎದುರಿರುವವರು ಯಾವ ಕಡೆ ಅಂತ ತಿಳಿಯದೆ ಬಾಯಿ ಬಿಡುವಂತೆಯೂ ಇಲ್ಲ. ಟ್ರಕ್ಕಿನ ಮೇಲೆ ಸ್ಟಿಕರ್ ಇದೆಯಾ ಅಂತ ಹುಡುಕುತ್ತಿದ್ದೆ. ಕೆಳಗೆ ಶುರುವಾಯಿತು.

ಎಡಗಾಲು ಎತ್ತಿದೆ. ಬಲಗಾಲು ಎತ್ತಿದೆ. ಮತ್ತೆ ಎಡಗಾಲು. ಮುಖದಲ್ಲಿ ನಗು, ಬಾಯಲ್ಲಿ "ಎಸ್ ಮ್ಯಾಮ್, ಎಸ್ ಮ್ಯಾಮ್." ಅಜ್ಜಿ ಒಂದು ಕ್ಷಣ ನೋಡಿದರು. ಮುಖದಲ್ಲಿ ಅಪಾರ ಕರುಣೆ. ಧ್ವನಿ ತಗ್ಗಿಸಿ, "ಮುಂದೆ ಪೆಟ್ರೋಲ್ ಬಂಕಿನಲ್ಲಿ ಬಾತ್‌ರೂಮ್ ಇದೆ ಮಗಾ, ಸಂಕೋಚ ಪಡಬೇಡ, ಹತ್ತು" ಅಂದರು.

ಹತ್ತಿದೆ. ಇರುವೆಗಳೂ ಹತ್ತಿದವು. ಅಜ್ಜಿ ಸೀಟಿನ ಮೇಲೆ ಒಂದನ್ನು ಕಂಡವರೇ ಬಾಗಿಲು ತೆಗೆದು, ಸುತ್ತಿಕೊಂಡು ಬಂದು, ನನ್ನನ್ನು ಕೆಳಗೆಳೆದರು. ಎಪ್ಪತ್ತರ ಕೈಯಲ್ಲಿ ಅಷ್ಟು ಬಲ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಚರ್ಚಿನಲ್ಲಿ ಕೊಟ್ಟಿದ್ದ ಕಾಗದ ಸುರುಳಿ ಸುತ್ತಿಕೊಂಡು ನನ್ನ ಕಾಲಿಗೆ ಬಾರಿಸತೊಡಗಿದರು. ನಾನು ಅವರ ಏಟಿಗೆ ಕುಣಿದೆನೋ ಇರುವೆಗೆ ಕುಣಿದೆನೋ ಹೇಳಲಾರೆ. ಹಿಂದೆ ಕಾರು ನಿಂತವು. ಒಬ್ಬನೂ ಹಾರ್ನ್ ಹೊಡೆಯಲಿಲ್ಲ, ಅದೇ ತಪ್ಪಾಯಿತು. ಎಲ್ಲರೂ ಇಳಿದು ಬಂದರು. ಒಬ್ಬರು ಬ್ಲೀಚ್ ಹಚ್ಚಿ ಅಂದರು. ಇನ್ನೊಬ್ಬರು ವಿನೆಗರ್. ಟೋಪಿಯ ದೊಡ್ಡ ಮನುಷ್ಯನೊಬ್ಬ ಹೊಗೆಸೊಪ್ಪಿನ ರಸಕ್ಕಿಂತ ಮದ್ದಿಲ್ಲ ಅಂದ, ಬೇಕಾದರೆ ಈಗಲೇ ಕೊಡುತ್ತೇನೆ ಅಂತ ತನ್ನ ಕೆನ್ನೆ ತೋರಿಸಿದ.

ಅಜ್ಜಿ ಎಲ್ಲರನ್ನೂ ಸುಮ್ಮನಿರಿಸಿ ತೀರ್ಪು ಕೊಟ್ಟರು: "ಪ್ಯಾಂಟ್ ಬಿಚ್ಚು."

"ನೋ ಮ್ಯಾಮ್."

"ಮೂರು ಗಂಡು ಮಕ್ಕಳನ್ನ ಸಾಕಿದೀನಿ, ನಿನ್ನದೇನು ಹೊಸದಲ್ಲ. ಬಿಚ್ಚು."

ಆರು ಲೇನಿನ ರಸ್ತೆ, ಮಟಮಟ ಮಧ್ಯಾಹ್ನ, ಸುತ್ತಲೂ ಚರ್ಚಿನಿಂದ ಬಂದ ಮರ್ಯಾದಸ್ಥರು. ನಾನು ಪ್ಯಾಂಟಿನ ಲಾಡಿ ಎರಡೂ ಕೈಯಲ್ಲಿ ಹಿಡಿದುಕೊಂಡು ನೋ ಮ್ಯಾಮ್, ನೋ ಮ್ಯಾಮ್ ಅನ್ನುತ್ತಿದ್ದೇನೆ. ಕೊನೆಗೆ ಮೊಣಕಾಲಿನವರೆಗೆ ಮಡಚುವುದು ಅಂತ ರಾಜಿಯಾಯಿತು. ಅಜ್ಜಿಯ ಸ್ವೀಟ್ ಟೀ ದೊಡ್ಡ ಲೋಟದಲ್ಲಿತ್ತು, ಐಸ್ ಸಮೇತ. ಪೂರ್ತಿ ಸುರಿದರು. ಇಲ್ಲಿಯ ಟೀಯಲ್ಲಿ ಸಕ್ಕರೆ ಎಷ್ಟು ಅಂತ ಕುಡಿದವರಿಗೆ ಗೊತ್ತು. ಇರುವೆ ಕಚ್ಚಿದ ಕಾಲಿಗೆ ಸಕ್ಕರೆ ನೀರು! ಯಾರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಂಗಡಿಗೆ ಅವರೇ ಕರೆದುಕೊಂಡು ಹೋದರು. ದಾರಿಯಲ್ಲಿ ರಸ್ತೆ ಬದಿ ಒಬ್ಬ ಹಂಡೆ ಇಟ್ಟುಕೊಂಡು ಏನೋ ಮಾರುತ್ತಿದ್ದ. ಅಜ್ಜಿ ನಿಲ್ಲಿಸಿ ಒಂದು ಚೀಲ ತಗೊಂಡು ನನ್ನ ಮಡಿಲಿಗೆ ಹಾಕಿದರು. ಬಿಸಿ ಇತ್ತು. ತೆರೆದರೆ ಬೇಯಿಸಿದ ಶೇಂಗಾ.

ಚಳ್ಳಕೆರೆಯವನ ಮಡಿಲಿಗೆ ಶೇಂಗಾ! ಎಣ್ಣೆ ಮಿಲ್ಲುಗಳ ಊರಿನಲ್ಲಿ ಹುಟ್ಟಿದವನು ನಾನು. ಹೊಲದಿಂದ ಗಿಡ ಕಿತ್ತು, ಮಣ್ಣು ಕೊಡವಿ, ಉಪ್ಪು ಹಾಕಿ ಕುದಿಸುವಾಗ ಬರುವ ವಾಸನೆಗೆ ನನ್ನ ಬಾಲ್ಯದ ಅರ್ಧ ಹೋಗಿದೆ. ಇಲ್ಲೂ ಒಂದು ಕಾಲದಲ್ಲಿ ಹತ್ತಿಯೇ ಬೆಳೆ. ಹುಳು ಬಿದ್ದು ಹತ್ತಿ ಹೋದ ಮೇಲೆ ರೈತರು ಶೇಂಗಾ ಹಿಡಿದರು. ಈ ರಾಜ್ಯದ ಎಂಟರ್‌ಪ್ರೈಸ್ ಎಂಬ ಊರಿನಲ್ಲಿ ಆ ಹುಳುವಿಗೆ 1919ರಲ್ಲಿ ಸ್ಮಾರಕವನ್ನೇ ಕಟ್ಟಿಸಿದ್ದಾರೆ. ಸಿಪ್ಪೆ ಒತ್ತಿದೆ, ಉಪ್ಪುನೀರು ಬಾಯಿಗೆ ಚಿಮ್ಮಿತು. ಅಪ್ಪ ಈಗ ಹೊಲದಲ್ಲಿ ಮಳೆಗೆ ಕಾಯುತ್ತಿರುತ್ತಾರೆ. ಇಲ್ಲಿ ಮಳೆ ಸುಮ್ಮನೆ ಪಾರ್ಕಿಂಗ್ ಲಾಟ್ ಮೇಲೆ ಸುರಿದು ಸಮುದ್ರಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಅಜ್ಜಿಯೂ ಏನೂ ಕೇಳಲಿಲ್ಲ. ನಾವು ಭೇಟಿಯಾದ ಮೇಲೆ ಅವರು ಸುಮ್ಮನಿದ್ದದ್ದು ಅಷ್ಟೇ ಹೊತ್ತು.

ಆಮೇಲೆ ಮೊಸರು, ತುರಿಕೆಯ ಮುಲಾಮು ಎಲ್ಲ ಆಯಿತು. ಮನೆ ಬಾಗಿಲಿಗೆ ಬಿಟ್ಟರು. ಇಳಿದು ಥ್ಯಾಂಕ್ಸ್ ಹೇಳಿದ ಮೇಲೂ ಕಿಟಕಿಯ ಮಾತು ಮುಂದುವರಿಯಿತು. ಅವರ ಹಿರಿಯ ಸೊಸೆ ಸರಿಯಿಲ್ಲ ಅನ್ನುವುದು ಈಗ ನನಗೂ ಗೊತ್ತು. ಮೊಸರು ಕೈಯಲ್ಲೇ ಬಿಸಿಯಾಯಿತು. ಫೋನ್ ನಂಬರ್ ತಗೊಂಡೇ ಹೊರಟರು.

ನಿನ್ನೆ ಮೆಸೇಜ್ ಬಂದಿದೆ. ಚರ್ಚಿನಲ್ಲಿ ಯಾರ್ಯಾರಿಗಾಗಿ ಪ್ರಾರ್ಥಿಸಬೇಕು ಅಂತ ವಾರಕ್ಕೊಂದು ಪಟ್ಟಿ ಮಾಡುತ್ತಾರೆ. ಅದರ ಫೋಟೋ ಕಳಿಸಿದ್ದಾರೆ. ಒಬ್ಬರ ಸೊಂಟದ ಆಪರೇಷನ್, ಆಮೇಲೆ ‘ಇಂಡಿಯಾದ ಹುಡುಗನ ಕಾಲು’, ಅದರ ಕೆಳಗೆ ಕೆಲಸ ಕಳೆದುಕೊಂಡ ಒಂದು ಕುಟುಂಬ. ಪಕ್ಕದಲ್ಲಿ ಕುಳಿತಿದ್ದ ರೂಮ್‌ಮೇಟ್ ಇಣುಕಿ ನೋಡಿ, ಪಟ್ಟಿಯಲ್ಲಿ ಇನ್ನೂ ಜಾಗ ಇದೆಯಲ್ಲ, ಒಂದು ಸೆಕೆಂಡ್ ಹ್ಯಾಂಡ್ ಕಾರನ್ನೂ ಸೇರಿಸಲು ಹೇಳು ಅಂದ. ಟೈಪ್ ಕೂಡ ಮಾಡಿದೆ. ಸಂಕೋಚವಾಗಿ ಅಳಿಸಿ, ‘ಥ್ಯಾಂಕ್ಯೂ ಮ್ಯಾಮ್’ ಅಂತ ಕಳಿಸಿದೆ. ತಕ್ಷಣ ಉತ್ತರ ಬಂತು: ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ, ರೆಡಿಯಾಗಿರು, ಶಾರ್ಟ್ಸ್ ಹಾಕಿಕೋ.